ಮೂಲೆ ಸೇರದ ಗೋಡೆಗಳು: ಮೊದಲ ವರ್ಷದ ಸ್ಟುಡಿಯೋದಲ್ಲಿ ಒಂದು ಕಾನ್ಸೆಪ್ಟ್ ಬೆಳೆದ ಬಗೆ

ಮೊದಲ ವರ್ಷದ ಆರ್ಕಿಟೆಕ್ಚರ್ ಸ್ಟುಡಿಯೋದಲ್ಲಿ ಗೆರೆ, ಕಾಗದ, ಘನ, ಗ್ರಿಡ್ ಅಂತ ಸಣ್ಣ ಎಕ್ಸರ್‌ಸೈಜ್‌ಗಳೆಲ್ಲ ಮುಗಿದು ಮೊದಲ ಕಟ್ಟಡದ ಪ್ರಾಜೆಕ್ಟ್ ಬಂದ ಕೂಡಲೇ ಬಹುಪಾಲು ವಿದ್ಯಾರ್ಥಿಗಳು ಒಂದೇ ಕೆಲಸ ಮಾಡುತ್ತಾರೆ. ಹಳೆಯ ಮಾಡೆಲ್‌ಗಳನ್ನು ಬೀರುವಿನ ಮೇಲೆ ಹಾಕಿ, ಖಾಲಿ ಹಾಳೆ ಮುಂದೆ ಕೂತು, ಕಾನ್ಸೆಪ್ಟ್, ಅಂದರೆ ಇಡೀ ಡಿಸೈನನ್ನು ನಡೆಸುವ ಮೂಲ ಕಲ್ಪನೆ, ಹುಡುಕಲು ಶುರು ಮಾಡುತ್ತಾರೆ. ಎಕ್ಸರ್‌ಸೈಜ್ ಬೇರೆ, ಡಿಸೈನ್ ಬೇರೆ ಅನ್ನೋ ಹಾಗೆ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ, ಯಾಕಂದ್ರೆ ಅವರು ಹುಡುಕುತ್ತಿರುವುದು ಎಷ್ಟೋ ಸಲ ಆ ಬೀರುವಿನ ಮೇಲೇ ಇರುತ್ತದೆ.

ಇಲ್ಲಿ ಹೇಳುತ್ತಿರುವುದು ಒಬ್ಬ ವಿದ್ಯಾರ್ಥಿನಿಯ ಪ್ರಾಜೆಕ್ಟ್ ಬಗ್ಗೆ. ಹೆಸರು ಬೇಡ. ಸ್ಟುಡಿಯೋದಲ್ಲಿ ಅವಳ ಕೆಲಸವನ್ನು ಮೊದಲಿಂದ ಜ್ಯೂರಿವರೆಗೆ (ಕೆಲಸವನ್ನು ಪರೀಕ್ಷಕರ ಮುಂದಿಟ್ಟು ವಿವರಿಸುವ ದಿನ) ಪಕ್ಕದಲ್ಲಿ ನಿಂತು ನೋಡಿದ್ದೇನೆ. ಎಲ್ಲಿ ಸಿಕ್ಕಿಹಾಕಿಕೊಂಡಳು, ಹೇಗೆ ಬಿಡಿಸಿಕೊಂಡಳು ಅನ್ನೋದನ್ನು ಆದಷ್ಟು ವಿವರವಾಗಿ ಬರೆಯುತ್ತೇನೆ.

ಪ್ರಾಜೆಕ್ಟ್, ಮತ್ತು ಮೊದಲು ಬಂದ ಕಾನ್ಸೆಪ್ಟ್

ಕೊಟ್ಟಿದ್ದು ಒಂದು ಸಣ್ಣ ವಾಚನಾಲಯ. ಸುಮಾರು 120 ಚದರ ಮೀಟರ್. 30 ಜನ ಕೂತು ಓದಬೇಕು, 3000 ಪುಸ್ತಕ ಹಿಡಿಯಬೇಕು, ಮಕ್ಕಳಿಗೊಂದು ಕೋಣೆ, ಗ್ರಂಥಪಾಲಕರ ಮೇಜು, ಒಂದು ಸ್ಟೋರ್, ಒಂದು ಟಾಯ್ಲೆಟ್. ಸೈಟಿನ ದಕ್ಷಿಣಕ್ಕೆ ಗದ್ದಲದ ರಸ್ತೆ, ಉತ್ತರಕ್ಕೆ ಮರಗಳಿರುವ ಬಯಲು. ಅಷ್ಟೇ.

ಅವಳು ತಂದ ಮೊದಲ ಶೀಟಿನಲ್ಲಿ ದೊಡ್ಡಕ್ಷರದಲ್ಲಿ "ತೆರೆದ ಪುಸ್ತಕ" ಅಂತ ಬರೆದಿತ್ತು. ಚಾವಣಿ ಎರಡು ಕಡೆ ಮೇಲಕ್ಕೆದ್ದು ನಡುವೆ ತಗ್ಗಿತ್ತು, ಪುಸ್ತಕ ಬಿಡಿಸಿಟ್ಟ ಹಾಗೆ. ಚೆನ್ನಾಗಿಯೇ ಬರೆದಿದ್ದಳು. ಆದರೆ ಚಾವಣಿ ಕೆಳಗಿನ ಪ್ಲಾನ್ ನೋಡಿದರೆ ಒಂದು ಆಯತ, ಅದರೊಳಗೆ ಕೋಣೆಗಳನ್ನು ಸುಮ್ನೆ ಹಂಚಿದ ಹಾಗೆ. ಬಾಗಿಲು ಯಾಕೆ ಇಲ್ಲಿ ಅಂತ ಕೇಳಿದರೆ ಪುಸ್ತಕ ಉತ್ತರ ಕೊಡಲ್ಲ. ಕಪಾಟು ಎಲ್ಲಿರಬೇಕು, ಬೆಳಕು ಯಾವ ಕಡೆಯಿಂದ ಬರಬೇಕು, ಇದಕ್ಕೂ ಉತ್ತರ ಇಲ್ಲ.

ಹೋಲಿಕೆಯಿಂದ ಶುರು ಮಾಡೋದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಸಿಯಾಟಲ್‌ನಲ್ಲಿರುವ ಸೇಂಟ್ ಇಗ್ನೇಶಿಯಸ್ ಚಾಪೆಲ್ 1997ರಲ್ಲಿ ಮುಗಿಯಿತು. ಅದಕ್ಕೆ ವಾಸ್ತುಶಿಲ್ಪಿ ಸ್ಟೀವನ್ ಹಾಲ್ ಇಟ್ಟುಕೊಂಡ ಕಲ್ಪನೆ, ಕಲ್ಲಿನ ಪೆಟ್ಟಿಗೆಯೊಳಗೆ ಬೆಳಕಿನ ಏಳು ಸೀಸೆಗಳು. ಅದೂ ಹೋಲಿಕೆಯೇ. ಆದರೆ ಆ ಹೋಲಿಕೆ ಕೆಲಸ ಹೇಳುತ್ತದೆ: ಆರಾಧನೆಯ ಬೇರೆ ಬೇರೆ ಭಾಗಕ್ಕೆ ಬೇರೆ ಬೇರೆ ಸೀಸೆ, ಒಂದೊಂದಕ್ಕೂ ತನ್ನದೇ ದಿಕ್ಕು, ತನ್ನದೇ ಬಣ್ಣದ ಬೆಳಕು. ಚಾವಣಿ ಯಾಕೆ ಹಾಗೆ ಎದ್ದಿದೆ ಅನ್ನೋದಕ್ಕೂ ಒಳಗೆ ಕೂತವರಿಗೆ ಯಾವ ಬೆಳಕು ಬೀಳುತ್ತದೆ ಅನ್ನೋದಕ್ಕೂ ಒಂದೇ ಉತ್ತರ. ತೆರೆದ ಪುಸ್ತಕದಲ್ಲಿ ಅದಿರಲಿಲ್ಲ.

ಬೀರುವಿನಿಂದ ಇಳಿಸಿದ್ದು

ಹೊಸ ಐಡಿಯಾ ತಾ ಅಂತ ಕಳಿಸುವ ಬದಲು, ಈ ವರ್ಷ ಮಾಡಿದ್ದನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಡು ಅಂದೆ. ನಾಲ್ಕು ಕೆಲಸ ಇತ್ತು.

ಮೊದಲನೆಯದು ಗೆರೆಗಳದ್ದು. 20 ಸೆಂ.ಮೀ. ಚೌಕದ ಬಿಳಿ ಹಾಳೆ, ಕಪ್ಪು ಕಾಗದದ ಪಟ್ಟಿಗಳು, ಬಿಗಿತ ಕಾಣುವ ಹಾಗೆ ಜೋಡಿಸಬೇಕು. ಬೇರೆಯವರು ಪಟ್ಟಿಗಳನ್ನು ಒಂದರ ಮೇಲೊಂದು ಹಾಯಿಸಿದ್ದರು. ಇವಳ ಪಟ್ಟಿಗಳು ಇನ್ನೊಂದು ಪಟ್ಟಿಯ ಹತ್ತಿರ ಬಂದು, ಎರಡು ಮೂರು ಮಿ.ಮೀ. ಮೊದಲೇ ನಿಂತುಬಿಡುತ್ತಿದ್ದವು.

ಎರಡನೆಯದು ಕಾಗದ. ಒಂದು ಹಾಳೆ, ಕತ್ತರಿಸಬಹುದು, ಮಡಿಸಬಹುದು, ಆದರೆ ಒಂದು ಚೂರೂ ತೆಗೆದು ಬಿಸಾಡಬಾರದು, ಅಂಟು ಹಾಕಬಾರದು. ಈ ಜಾತಿಯ ಅಭ್ಯಾಸದ ಬೇರು 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಶುರುವಾದ ಬೌಹೌಸ್ ಶಾಲೆಯ ಪ್ರಾಥಮಿಕ ಕೋರ್ಸ್‌ನಲ್ಲಿದೆ. ಮೊದಲು ಯೋಹಾನೆಸ್ ಇಟ್ಟೆನ್, 1923ರ ನಂತರ ಯೋಸೆಫ್ ಆಲ್ಬರ್ಸ್ ಮತ್ತು ಮೊಹೋಲಿ ನಾಜ್ ಅದನ್ನು ನಡೆಸಿದರು. ವಸ್ತುವನ್ನು ಪೋಲು ಮಾಡದೆ ಅದರ ಗುಣವನ್ನೇ ಕೈಯಿಂದ ಕಲಿಯಬೇಕು ಅನ್ನೋದು ಆಲ್ಬರ್ಸ್ ಪಾಠ. ಇವಳು ಹಾಳೆಗೆ ಉದ್ದಕ್ಕೆ ಸೀಳು ಕೊಟ್ಟು, ಎರಡೂ ಕಡೆ ಎಲ್ ಆಕಾರಕ್ಕೆ ಮಡಿಸಿ, ಸೀಳುಗಳನ್ನು ಸ್ವಲ್ಪ ಬಿಡಿಸಿ ನಿಲ್ಲಿಸಿದ್ದಳು.

ಮೂರನೆಯದು 10 ಸೆಂ.ಮೀ. ಘನ. ಮೌಂಟ್ ಬೋರ್ಡಿನಲ್ಲಿ (ದಪ್ಪ ರಟ್ಟು) ಮಾಡಬೇಕು, ಒಳಗೆ ಜಾಗ ವಿಂಗಡಿಸಬೇಕು, ಹೊರಗಿನಿಂದ ಘನ ಅಂತ ಗೊತ್ತಾಗಬೇಕು. ಅವಳ ಘನದಲ್ಲಿ ಆರು ಹಾಳೆಗಳಿದ್ದವು, ಒಂದೂ ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ಪ್ರತಿ ಅಂಚಿನಲ್ಲೂ 3 ಮಿ.ಮೀ. ಸಂದು. ಒಳಗೆ ಬೆಂಕಿಕಡ್ಡಿಯಷ್ಟು ಸಣ್ಣ ಕಡ್ಡಿಗಳು ಹಾಳೆಗಳನ್ನು ಹಿಡಿದಿದ್ದವು. ಮೂಲೆಗಳೇ ಇಲ್ಲ, ಆದರೂ ಕಣ್ಣು ಘನವನ್ನು ಪೂರ್ತಿ ಮಾಡಿಕೊಳ್ಳುತ್ತಿತ್ತು. ಈ ಕಡ್ಡಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತವೆ.

ನಾಲ್ಕನೆಯದು ಒಂಬತ್ತು ಚೌಕದ ಗ್ರಿಡ್. 1950ರ ದಶಕದಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪಿ ಜಾನ್ ಹೇಡಕ್ ಮತ್ತು ಜೊತೆಗಾರರು ರೂಪಿಸಿದ ಅಭ್ಯಾಸ ಇದು, ಆಮೇಲೆ ಹೇಡಕ್ ಇದನ್ನು ನ್ಯೂಯಾರ್ಕ್‌ನ ಕೂಪರ್ ಯೂನಿಯನ್ ಕಾಲೇಜಿಗೆ ಒಯ್ದರು. ಇಂದಿಗೂ ಎಷ್ಟೋ ಶಾಲೆಗಳಲ್ಲಿ ಮಾಡಿಸುತ್ತಾರೆ. 16 ಕಂಬ, ಅವುಗಳ ನಡುವೆ 9 ಚೌಕ, ಗೋಡೆಗಳಿಗೆ ಬಿಡಿ ಹಲಗೆಗಳು. ಸಾಮಾನ್ಯವಾಗಿ ಎಲ್ಲರೂ ಕಂಬದಿಂದ ಕಂಬಕ್ಕೆ ಗೋಡೆ ಕೂರಿಸುತ್ತಾರೆ. ಇವಳ ಒಂದು ಗೋಡೆಯೂ ಕಂಬದ ಸಾಲಿನಲ್ಲಿ ಇರಲಿಲ್ಲ, ಎಲ್ಲವೂ ಅರ್ಧ ಸೆಂ.ಮೀ. ಪಕ್ಕಕ್ಕೆ ಸರಿದಿದ್ದವು.

ನಾಲ್ಕನ್ನೂ ಸಾಲಾಗಿ ಇಟ್ಟ ಮೇಲೆ, "ಈ ನಾಲ್ಕರಲ್ಲೂ ನಿನ್ನ ಕೈ ಒಂದೇ ಕೆಲಸ ಮಾಡಿದೆ, ಏನದು ನೋಡು" ಅಂದೆ. ಮೊದಲು "ಎಲ್ಲಾ ಬಿಳಿ ಇದೆ ಸರ್" ಅಂದಳು. ಆಮೇಲೆ "ಎಲ್ಲದರಲ್ಲೂ ಚೌಕ ಇದೆ" ಅಂದಳು. ಚೌಕ ನಾವು ಕೊಟ್ಟಿದ್ದು, ಅವಳದ್ದಲ್ಲ. ಬಗ್ಗಿ, ಮೇಜಿನ ಮಟ್ಟಕ್ಕೆ ಕಣ್ಣು ತಂದು ತುಂಬ ಹೊತ್ತು ನೋಡಿ ಹೇಳಿದಳು: "ಯಾವುದೂ ಒಂದಕ್ಕೊಂದು ತಾಗ್ತಾ ಇಲ್ಲ."

ಯಾಕೆ ತಾಗಿಸಲಿಲ್ಲ?

"ತಾಗಿಸಿದ್ರೆ ಮೂಲೆ ಕತ್ತಲಾಗುತ್ತೆ ಸರ್. ಅಲ್ಲಿಗೆ ಮುಗಿದುಹೋಯ್ತು ಅನ್ಸುತ್ತೆ. ಬಿಟ್ರೆ ಹಿಂದೆ ಇನ್ನೂ ಏನೋ ಇದೆ ಅಂತ ಗೊತ್ತಾಗುತ್ತೆ."

ನನ್ನ ಪ್ರಕಾರ ಆ ಸೆಮಿಸ್ಟರಿನಲ್ಲಿ ಅವಳು ಹೇಳಿದ ಅತ್ಯಂತ ಮುಖ್ಯವಾದ ಮಾತು ಅದು. ಮಾಸ್ತರರಾದ ನಾವು ಇಂಥದ್ದನ್ನು ಮೊದಲೇ ಗುರುತಿಸಿರುತ್ತೇವೆ, ನಾಲಿಗೆ ತುದಿಯಲ್ಲಿರುತ್ತದೆ, ಆದರೆ ಬಾಯಿ ಬಿಡಬಾರದು. ನಾವು ಹೇಳಿದರೆ ಅದು ನಮ್ಮ ಕಾನ್ಸೆಪ್ಟ್ ಆಗುತ್ತದೆ. ಆಮೇಲೆ ಜ್ಯೂರಿಯಲ್ಲಿ ವಿದ್ಯಾರ್ಥಿ ಅದನ್ನು ಬಾಯಿಪಾಠ ಒಪ್ಪಿಸುತ್ತಾಳೆ, ಒಂದು ಅಡ್ಡ ಪ್ರಶ್ನೆ ಬಂದರೆ ತಡವರಿಸುತ್ತಾಳೆ.

3 ಮಿ.ಮೀ. ಅಂದರೆ ಎಷ್ಟು?

ಅಭ್ಯಾಸದಲ್ಲಿ ಸಿಕ್ಕಿದ್ದು ಇನ್ನೂ ಕಾನ್ಸೆಪ್ಟ್ ಅಲ್ಲ, ಕೈಯ ರೂಢಿ ಅಷ್ಟೇ. ಸುಮಾರು ಜನ ಇಲ್ಲಿಗೇ ಖುಷಿಯಾಗಿ, ಎಲ್ಲ ಮೂಲೆಯಲ್ಲೂ ಒಂದೊಂದು ಸೀಳು ಕೊಟ್ಟು ಪ್ಲಾನ್ ಮುಗಿಸಿಬಿಡುತ್ತಾರೆ. ಅದಕ್ಕೇ ಸ್ಕೇಲ್ ಪ್ರಶ್ನೆ ಕೇಳಿದ್ದು. ಘನದಲ್ಲಿದ್ದ 3 ಮಿ.ಮೀ. ಸಂದು 1:20 ಆದರೆ (ಮಾಡೆಲ್‌ನ 1 ಸೆಂ.ಮೀ. ನಿಜದಲ್ಲಿ 20 ಸೆಂ.ಮೀ.) 6 ಸೆಂ.ಮೀ., 1:50 ಆದರೆ 15, 1:100 ಆದರೆ 30. ಒಂದೇ ಸಂದು, ಮೂರು ಬೇರೆ ಬೇರೆ ವಸ್ತು. ನಿನಗೆ ಬೇಕಿರುವುದು ಯಾವುದು?

ಇದನ್ನು ಅವಳು ಕಾಗದದ ಮೇಲೆ ಬಿಡಿಸಲಿಲ್ಲ, ಇದು ನನಗೆ ತುಂಬ ಇಷ್ಟವಾಯಿತು. ಸ್ಟುಡಿಯೋದಲ್ಲಿ ಶೀಟ್ ಅಂಟಿಸುವ ಎರಡು ದೊಡ್ಡ ಡಿಸ್‌ಪ್ಲೇ ಬೋರ್ಡುಗಳಿದ್ದವು. ಗೆಳತಿಯನ್ನು ಕರೆದು ಅವೆರಡನ್ನೂ ಎದುರುಬದುರು ನಿಲ್ಲಿಸಿ, ಟೇಪು ಹಿಡಿದು, ನಡುವಿನ ಜಾಗವನ್ನು ಹೆಚ್ಚು ಕಡಿಮೆ ಮಾಡುತ್ತಾ ತಾನೇ ಒಳಗೆ ನಿಂತು ನೋಡಿದಳು. 15 ಸೆಂ.ಮೀ.ನಲ್ಲಿ ಬರೀ ಬೆಳಕು ಹೋಗುತ್ತೆ, ಕೈ ಹಾಕಿ ಕಸ ತೆಗೆಯೋದೂ ಕಷ್ಟ. 30 ಅಂದರೆ ಒಂದು ಪುಸ್ತಕದ ಕಪಾಟಿನ ಆಳ. 45 ಅಂದರೆ ಕೂರುವ ಕಟ್ಟೆಯ ಅಗಲ. 60ರಲ್ಲಿ ನಡೆದರೆ ಎರಡೂ ಭುಜ ಬೋರ್ಡಿಗೆ ಸವರುತ್ತೆ, ಮೈ ಅಡ್ಡ ತಿರುಗಿಸಬೇಕು ಅನ್ಸುತ್ತೆ. 90ರಲ್ಲಿ ಒಬ್ಬರು ಆರಾಮಾಗಿ ನಡೀಬಹುದು, ಗಾಲಿಕುರ್ಚಿಯೂ ಹಾಯುತ್ತೆ. 1.2 ಮೀಟರ್ ಇದ್ದರೆ ಎದುರಿಗೆ ಬಂದವರು ಸ್ವಲ್ಪ ಸರಿದು ದಾರಿ ಕೊಡ್ತಾರೆ, ಒಂದೂವರೆ ಮೀಟರಿಗೆ ಇಬ್ಬರು ಜೊತೆಯಾಗಿ ಹೋಗ್ತಾರೆ, ಗಾಲಿಕುರ್ಚಿ ಪೂರ್ತಿ ತಿರುಗುತ್ತೆ.

ಮಾರನೆಯ ಶೀಟಿನಲ್ಲಿ "ತೆರೆದ ಪುಸ್ತಕ" ಇರಲಿಲ್ಲ. ಬದಲಿಗೆ ಒಂದು ಉದ್ದ ಪಟ್ಟಿ, ಅದರಲ್ಲಿ 15ರಿಂದ 150 ಸೆಂ.ಮೀ.ವರೆಗೆ ಸಂದುಗಳು, ಒಂದೊಂದರೊಳಗೂ ಒಬ್ಬ ಮನುಷ್ಯ ಅಥವಾ ಪುಸ್ತಕ ಅಥವಾ ಬೆಳಕು. ಕೆಳಗೆ ಒಂದು ಸಾಲು: "ಎರಡು ಗೋಡೆ ಸೇರುವ ಕಡೆ ಸೇರಿಸದೆ ಬಿಡು, ಬಿಟ್ಟ ಜಾಗಕ್ಕೆ ಒಂದು ಕೆಲಸ ಕೊಡು." ಇದು ಕಾನ್ಸೆಪ್ಟ್. ಯಾಕಂದ್ರೆ ಇದರಲ್ಲಿ ಕ್ರಿಯಾಪದ ಇದೆ, ಅನುಮಾನ ಬಂದಾಗ ವಾಪಸ್ ಹೋಗಿ ಕೇಳಬಹುದು.

ಪ್ಲಾನ್ ಆಮೇಲೆ ಬೇಗ ಬೇಗ ಮುಂದೆ ಹೋಯಿತು. ಪುಸ್ತಕದ ಲೆಕ್ಕ ನೋಡಿ: ಒಂದು ಮೀಟರ್ ಕಪಾಟಿಗೆ ಹತ್ತಿರ ಹತ್ತಿರ 30 ಪುಸ್ತಕ, 3000 ಅಂದರೆ 100 ಮೀಟರ್ ಹಲಗೆ, ಆರು ಅಂತಸ್ತು ಮಾಡಿದರೆ 17 ಮೀಟರ್ ಉದ್ದದ ಕಪಾಟು. ರಸ್ತೆ ಕಡೆಯ ಗೋಡೆಗೂ ಅದರ ಒಳಗಿನ ಮರದ ಚೌಕಟ್ಟಿಗೂ ನಡುವಿನ 30 ಸೆಂ.ಮೀ. ಸಂದನ್ನು ಪೂರ್ತಿ ಇದಕ್ಕೆ ಕೊಟ್ಟಳು. ಪುಸ್ತಕಗಳ ಒಂದು ದಪ್ಪ ಪದರ ರಸ್ತೆಯ ಸದ್ದಿಗೂ ಸ್ವಲ್ಪ ಅಡ್ಡ ನಿಂತಿತು.

ಪ್ರವೇಶದ ಹತ್ತಿರ ಮಾತ್ರ ಸಂದು ಅವಳಿಗೆ ತಿರುಗಿಬಿತ್ತು. ರಸ್ತೆಗೆ ನೇರವಾಗಿ ತೆರೆದ ಸಂದು ಅಂದರೆ ಸದ್ದಿಗೂ ನೇರ ದಾರಿ, ಅಲ್ವಾ? ಎರಡು ಗೋಡೆಗಳನ್ನು ಒಂದರ ಹಿಂದೆ ಒಂದು ಸ್ವಲ್ಪ ದೂರ ಹಾಯುವಂತೆ ಸರಿಸಿದಳು. ಸಂದು ಈಗ ಎದುರಿನಿಂದ ಕಾಣಲ್ಲ, ಪಕ್ಕದಿಂದ ಹೊಕ್ಕು ತಿರುಗಬೇಕು.

ಗೋಡೆ ಬಿತ್ತು

ಅಸಲಿ ತೊಡಕು ಸ್ಟ್ರಕ್ಚರ್‌ನಲ್ಲಿತ್ತು, ಅಂದರೆ ಕಟ್ಟಡ ಭಾರ ಹೊತ್ತು ನಿಲ್ಲುವ ಬಗೆಯಲ್ಲಿ. ಇಟ್ಟಿಗೆ ಗೋಡೆ ಮೇಲಿಂದ ಬರುವ ಭಾರವನ್ನು ಚೆನ್ನಾಗಿ ಹೊರುತ್ತದೆ, ಪಕ್ಕದಿಂದ ತಳ್ಳಿದರೆ ಅಷ್ಟು ಬಲ ಇಲ್ಲ. ಗಾಳಿ, ಭೂಕಂಪ ಎರಡೂ ಮುಖ್ಯವಾಗಿ ಪಕ್ಕದಿಂದಲೇ ತಳ್ಳುತ್ತವೆ. ಆಗ ಗೋಡೆಯನ್ನು ಹಿಡಿಯುವುದು ಮೂಲೆಯಲ್ಲಿ ಅಡ್ಡ ಬಂದು ಸೇರುವ ಇನ್ನೊಂದು ಗೋಡೆ. ಇವಳ ಕಾನ್ಸೆಪ್ಟ್ ಕಿತ್ತು ಹಾಕಿದ್ದು ಅದನ್ನೇ. ಸ್ಟ್ರಕ್ಚರ್ ಹೇಳಿಕೊಡುವವರು ಮಾಡೆಲ್ ನೋಡಿ ಒಂದು ಗೋಡೆಗೆ ಬೆರಳು ತಾಗಿಸಿದರು, ಬಿದ್ದುಹೋಯಿತು. ಅವಳ ಮುಖವೂ ಬಾಡಿತು.

ಇಂಥ ಹೊತ್ತಲ್ಲಿ ಎರಡು ಸುಲಭದ ದಾರಿ ಇರುತ್ತವೆ, ಎರಡೂ ನನಗೆ ಒಪ್ಪಿಗೆ ಇಲ್ಲ. ಒಂದು, "ಮೊದಲ ವರ್ಷ ತಾನೇ, ಸ್ಟ್ರಕ್ಚರ್ ಆಮೇಲೆ ನೋಡೋಣ" ಅಂತ ಬಿಟ್ಟುಬಿಡೋದು. ಇನ್ನೊಂದು, ಎಲ್ಲ ಮೂಲೆಯಲ್ಲೂ ಕಂಬ ನಿಲ್ಲಿಸಿ ಸಂದು ಮುಚ್ಚೋದು. ಭಾರದ ಪ್ರಶ್ನೆ ಕಾನ್ಸೆಪ್ಟಿಗೆ ಶತ್ರು ಅಲ್ಲ, ಅದನ್ನು ಗಟ್ಟಿ ಮಾಡುವುದೇ ಅದು. ಹಾಗಾಗಿ ಮತ್ತೆ ಹಳೆಯ ಕೆಲಸಕ್ಕೇ ಕಳಿಸಿದೆ. ನಿನ್ನ ಕಾಗದದ ಎಕ್ಸರ್‌ಸೈಜ್ ಅಂಟಿಲ್ಲದೆ ಹೇಗೆ ನಿಂತಿತ್ತು?

ಒಂದು ಪಟ್ಟಿ ಕಾಗದವನ್ನು ಅಂಚಿನ ಮೇಲೆ ನಿಲ್ಲಿಸಲು ನೋಡಿದಳು, ಬಿತ್ತು. ಅದನ್ನೇ ನಡುವೆ ಮಡಿಸಿ ಎಲ್ ಮಾಡಿದಳು, ನಿಂತಿತು. ಅಷ್ಟೇ ಸಾಕಾಯಿತು. ಪ್ರತಿ ಗೋಡೆಯೂ ತಾನೇ ಒಂದು ಸಲ ತಿರುಗಿ ಎಲ್ ಆಗಬೇಕು, ಸಂದು ಇರಬೇಕಾದ್ದು ಒಂದು ಎಲ್‌ಗೂ ಇನ್ನೊಂದು ಎಲ್‌ಗೂ ನಡುವೆ. ಗೋಡೆ ತನ್ನ ಮೂಲೆಯನ್ನು ತಾನೇ ಹೊತ್ತುಕೊಂಡಿತು, ಕೋಣೆಯ ಮೂಲೆ ತೆರೆದೇ ಉಳಿಯಿತು. ಪ್ಲಾನ್ ಇದರಿಂದ ಸುಧಾರಿಸಿತು ಕೂಡ, ಯಾಕಂದ್ರೆ ಒಂದೊಂದು ಎಲ್ ಒಳಗೂ ಒಂದು ಬೆಚ್ಚಗಿನ ಕೂರುವ ಜಾಗ ಹುಟ್ಟಿತು. ಮಕ್ಕಳ ಕೋಣೆ ಬಂದಿದ್ದು ಹಾಗೇ.

ಹಳೆಯ ಕಟ್ಟಡಗಳನ್ನು ನಾನು ತೋರಿಸಿದ್ದು ಈ ಹಂತದಲ್ಲಿ, ಇದಕ್ಕೆ ಮೊದಲಲ್ಲ. ನಿಯಮ ಸಿಗುವ ಮುಂಚೆ ತೋರಿಸಿದರೆ ನಕಲು ಮಾಡ್ತಾರೆ, ಸಿಕ್ಕ ಮೇಲೆ ತೋರಿಸಿದರೆ ಪ್ರಶ್ನೆ ಹಿಡ್ಕೊಂಡು ನೋಡ್ತಾರೆ. 1929ರಲ್ಲಿ ಒಂದು ಪ್ರದರ್ಶನಕ್ಕಾಗಿ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹ ಕಟ್ಟಿದ ಬಾರ್ಸಿಲೋನಾ ಪೆವಿಲಿಯನ್‌ನಲ್ಲಿ ಗೋಡೆಗಳು ಒಂದರ ಪಕ್ಕ ಒಂದು ಜಾರಿ ಹೋಗುತ್ತವೆ. ಅದು ಸಾಧ್ಯವಾಗಿದ್ದು ಪ್ಲಸ್ ಆಕಾರದ 8 ಉಕ್ಕಿನ ಕಂಬಗಳು ಚಾವಣಿಯನ್ನು ಹೊತ್ತಿರುವುದರಿಂದ. ಪ್ರದರ್ಶನ ಮುಗಿದ ಮೇಲೆ ಅದನ್ನು ಬಿಚ್ಚಿಹಾಕಿದರು, ಈಗ ಅಲ್ಲಿ ನಿಂತಿರುವುದು 1986ರಲ್ಲಿ ಮುಗಿದ ಮರುನಿರ್ಮಾಣ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಗೆರಿಟ್ ರೀಟ್‌ವೆಲ್ಡ್ 1924ರಲ್ಲಿ ಕಟ್ಟಿದ ಶ್ರೋಡರ್ ಮನೆಯ ಮೇಲಂತಸ್ತಿನಲ್ಲಿ ಮೂಲೆಯ ಕಿಟಕಿಗಳೆರಡನ್ನೂ ತೆರೆದರೆ ಮೂಲೆಯೇ ಮಾಯ, ಅಲ್ಲಿ ಕಂಬ ಇಲ್ಲ. ಇಬ್ಬರೂ ಅವಳದೇ ಪ್ರಶ್ನೆಯನ್ನು ಬೇರೆ ರೀತಿ ಬಿಡಿಸಿದವರು. ಮೀಸ್ ರೀತಿ ಕಂಬ ತರಲು ಅವಳಿಗೆ ಮನಸ್ಸಿರಲಿಲ್ಲ, "ನನ್ನ ಗೋಡೆಗಳಿಗೆ ಕೆಲಸ ಇರ್ಲಿ ಸರ್" ಅಂದಳು. ಸರಿಯಾದ ತೀರ್ಮಾನ.

ಬೆಳಕು, ಕಡ್ಡಿ, ಟಾಯ್ಲೆಟ್

ಚಾವಣಿಗೂ ಉತ್ತರದ ಗೋಡೆಗೂ ನಡುವೆ ಉದ್ದಕ್ಕೂ ಸಂದು ಬಿಟ್ಟು ಗಾಜು ಹಾಕಬೇಕು, ಬೆಳಕು ಗೋಡೆಯನ್ನು ಸವರಿಕೊಂಡು ಇಳಿಯಬೇಕು ಅನ್ನೋದು ಅವಳ ಆಸೆ. ಹಾಗಾದರೆ ಆ ಕಡೆ ಚಾವಣಿಯನ್ನು ಹಿಡಿಯೋದು ಯಾರು, ಗೋಡೆಯ ತಲೆಯನ್ನು ಹಿಡಿಯೋದು ಯಾರು? ಇದಕ್ಕೆ ಉತ್ತರ ಅವಳಿಗೇ ಹೊಳೆಯಿತು. ಸ್ಲ್ಯಾಬ್ ಮಾತ್ರ ಮೊದಲೇ ನಿಲ್ಲುತ್ತದೆ, ಅದರ ಕೆಳಗಿನ ತೊಲೆಗಳು ಸಂದನ್ನು ದಾಟಿ ಗೋಡೆಯ ಮೇಲೆ ಕೂರುತ್ತವೆ. ತೊಲೆ ಚಾವಣಿಯನ್ನೂ ಹೊತ್ತಿತು, ಗೋಡೆಯ ಮೇಲ್ತುದಿಯನ್ನೂ ಕಟ್ಟಿಹಾಕಿತು. "ಆದರೆ ಈಗ ತಾಗಿತಲ್ಲ?" ಅಂತ ಕೇಳಿದೆ. ಅವಳು ಎದ್ದು ಹೋಗಿ 10 ಸೆಂ.ಮೀ. ಘನ ತಂದು ಒಳಗಿನ ಕಡ್ಡಿಗಳನ್ನು ತೋರಿಸಿದಳು. ಹಾಳೆಗೆ ಹಾಳೆ ತಾಗಬಾರದು, ಕಡ್ಡಿ ತಾಗಬಹುದು, ಮೊದಲಿಂದಲೂ ಹಾಗೇ ಇತ್ತು ಅಂದಳು. ನನಗೆ ಹೇಳಲು ಏನೂ ಉಳಿದಿರಲಿಲ್ಲ.

ಬೆಳಕನ್ನು ಮಾಡೆಲ್‌ನಲ್ಲೇ ಪರೀಕ್ಷೆ ಮಾಡಿದ್ದು. 1:20 ಸೆಕ್ಷನ್ ಮಾಡೆಲ್ (ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿ ಒಳಗನ್ನು ತೋರಿಸುವಂಥದ್ದು) ಹೊರಗೆ ಬಿಸಿಲಿಗೆ ಹಿಡಿದು ಓರೆ ಮಾಡುತ್ತಾ ಒಳಗೆ ಇಣುಕಿದರೆ, ಚಾವಣಿಯ ಸಂದಿನಿಂದ ಬಿಸಿಲು ಒಂದು ಪಟ್ಟಿಯಾಗಿ ನೇರ ಕೆಳಗೆ ಬೀಳುತ್ತಿತ್ತು. ಉತ್ತರದ ಕಡೆ ಅಂತ ಅವಳು ನೆಮ್ಮದಿಯಾಗಿದ್ದಳು, ಆದರೆ ಮಲಗಿದ ಗಾಜಿಗೆ ಉತ್ತರ ದಕ್ಷಿಣ ಇಲ್ಲ, ಆಕಾಶಕ್ಕೆ ತೆರೆದದ್ದೇ. ಪಟ್ಟಿ ಬೀಳುವ ಜಾಗದಲ್ಲೇ ಓದುವ ಮೇಜುಗಳಿದ್ದವು. ಬಿಳಿ ಹಾಳೆಯ ಮೇಲೆ ನೇರ ಬಿಸಿಲು ಬಿದ್ದರೆ ಕಣ್ಣು ಕುಕ್ಕುತ್ತದೆ, ಓದಲಾಗುವುದಿಲ್ಲ. ಕಪಾಟು ಇಟ್ಟರೆ ಬೆನ್ನುಗಳ ಬಣ್ಣ ಹಾರುತ್ತದೆ. ಹಾಗಾಗಿ ಅಲ್ಲಿ 90 ಸೆಂ.ಮೀ. ನಡಿಗೆ ಬಿಟ್ಟು, ಮೇಜುಗಳನ್ನು ಅದರ ಪಕ್ಕಕ್ಕೆ ಎಳೆದಳು. ಗೋಡೆಗೆ ತಾಗಿ ತಿರುಗಿದ ಬೆಳಕು ಮಾತ್ರ ಓದುವವರಿಗೆ. ಅಮೆರಿಕದ ಎಕ್ಸೆಟರ್ ಲೈಬ್ರರಿಯಲ್ಲಿ ವಾಸ್ತುಶಿಲ್ಪಿ ಲೂಯಿ ಕಾನ್ ಪುಸ್ತಕಗಳನ್ನು ಒಳಭಾಗಕ್ಕೆ ತಳ್ಳಿ, ಓದುವ ಸೀಟುಗಳನ್ನು ಹೊರ ಅಂಚಿನ ಕಿಟಕಿಗಳಿಗೆ ಕೊಟ್ಟಿದ್ದನ್ನು ಅವಳು ತಾನಾಗಿ ಹುಡುಕಿ ತಂದು ಪಕ್ಕದಲ್ಲಿ ಅಂಟಿಸಿದ್ದಳು.

ಟಾಯ್ಲೆಟ್ ವಿಷಯದಲ್ಲಿ ಸ್ವಲ್ಪ ವಾದ ಆಯಿತು. ನಿಯಮ ಅಂದ ಮೇಲೆ ಎಲ್ಲ ಕಡೆಯೂ ಇರಬೇಕು ಅಂತ ಅಲ್ಲಿಯೂ ಮೂಲೆ ಬಿಟ್ಟಿದ್ದಳು. ಟಾಯ್ಲೆಟ್‌ಗೆ ಬಂದವರಿಗೆ ಬೇಕಿರುವುದು ಮರೆ. ಸ್ಟೋರಿಗೆ ಬೇಕಿರುವುದು ಬೀಗ. ಕೊನೆಗೆ ಎರಡನ್ನೂ ಸೇರಿಸಿ, ನಾಲ್ಕೂ ಮೂಲೆ ಮುಚ್ಚಿದ ಒಂದು ಪೆಟ್ಟಿಗೆ ಮಾಡಿ, ಅದರ ಸುತ್ತ ಸಂದು ಬಿಟ್ಟಳು. ಇಡೀ ಕಟ್ಟಡದಲ್ಲಿ ನಾಲ್ಕೂ ಮೂಲೆ ಸೇರಿದ್ದು ಅಲ್ಲೊಂದೇ ಕಡೆ, ಹಾಗಾಗಿ ನೋಡಿದ ಕೂಡಲೇ ಅದು ಬೇರೆ ಜಾತಿಯ ಕೋಣೆ ಅಂತ ಗೊತ್ತಾಗುತ್ತಿತ್ತು. ಕಾನ್ 1955ರ ಟ್ರೆಂಟನ್ ಬಾತ್ ಹೌಸ್‌ನಲ್ಲಿ (ಈಜುಕೊಳದ ಪಕ್ಕ ಬಟ್ಟೆ ಬದಲಿಸುವ ಕಟ್ಟಡ) ಟಾಯ್ಲೆಟ್, ಸ್ಟೋರ್‌ನಂಥ ಸಣ್ಣ ಕೆಲಸಗಳನ್ನು ಮೂಲೆಯ ಟೊಳ್ಳು ಕಂಬಗಳೊಳಗೆ ಸೇರಿಸಿದ್ದನ್ನು ಇಲ್ಲಿ ಮಾತಾಡಿದೆವು. ಸೇವೆ ಮಾಡುವ ಜಾಗ, ಸೇವೆ ಪಡೆಯುವ ಜಾಗ ಅಂತ ಅವರು ಮಾಡಿದ ವಿಂಗಡಣೆ ಅವಳಿಗೆ ಆಗ ತಲೆಗೆ ಹತ್ತಿತು.

ಜ್ಯೂರಿ, ಮತ್ತು ಇನ್ನೂ ಉಳಿದದ್ದು

ಜ್ಯೂರಿಗೆ ಅವಳು 1:50 ಮಾಡೆಲ್ ಪಕ್ಕ ನಾಲ್ಕೂ ಹಳೆಯ ಎಕ್ಸರ್‌ಸೈಜ್‌ಗಳನ್ನು ಇಟ್ಟಿದ್ದಳು. ಮಾತು ಕಡಿಮೆ. ಈ ಗೋಡೆ ಯಾಕೆ ಇಲ್ಲಿ ನಿಂತಿತು ಅಂತ ಕೇಳಿದ ಪ್ರತಿ ಸಲವೂ ಒಂದು ಅಳತೆ ಹೇಳುತ್ತಿದ್ದಳು, ಆ ಅಳತೆಯಲ್ಲಿ ಯಾರು ಏನು ಮಾಡುತ್ತಾರೆ ಅಂತ ಹೇಳುತ್ತಿದ್ದಳು. ಮೊದಲ ವರ್ಷದವರಿಂದ ಇಂಥ ಉತ್ತರ ಕೇಳೋದು ನಿಜಕ್ಕೂ ಸಂತೋಷ.

ಹೊರಗಿನಿಂದ ಬಂದ ಜ್ಯೂರಿ ಸದಸ್ಯರು ಎರಡು ವಿಷಯ ಹಿಡಿದರು, ಎರಡೂ ನ್ಯಾಯವಾದವು. ಒಂದು ಮಳೆ. ಚಾವಣಿಯ ಸಂದಿನ ಗಾಜು ಸಮತಟ್ಟಾಗಿತ್ತು, ನೀರು ನಿಲ್ಲುತ್ತದೆ, ಸೋರುತ್ತದೆ. ಇನ್ನೊಂದು ಮುಂಬಾಗಿಲು. ರಾತ್ರಿ ಬೀಗ ಹಾಕಲೇಬೇಕು, ಆದರೆ ಸಂದಿನ ತುಂಬ ಬಾಗಿಲು ಕೂರಿಸಿದರೆ ಎರಡು ಗೋಡೆ ಸೇರಿದ ಹಾಗೇ ಆಯಿತು, ನಿಯಮ ಮುರಿದದ್ದು ಬಂದವರು ಮೊದಲು ನೋಡುವ ಜಾಗದಲ್ಲೇ.

ಮಳೆಯದನ್ನು ಜ್ಯೂರಿ ಮುಗಿದ ವಾರದಲ್ಲೇ 1:10ರಲ್ಲಿ ಬಿಡಿಸಿ ತಂದಳು: ಸ್ಲ್ಯಾಬಿನ ಅಂಚು 15 ಸೆಂ.ಮೀ. ಮೇಲಕ್ಕೆದ್ದಿದೆ, ಗಾಜು ಗೋಡೆ ಕಡೆಯಿಂದ ಸ್ಲ್ಯಾಬಿನ ಕಡೆಗೆ ಇಳಿಜಾರಾಗಿದೆ, ಗೋಡೆಗೆ ಸೇರುವ ಕಡೆ ತಗಡಿನ ಮುಚ್ಚಿಗೆ ಇಟ್ಟಿಗೆಯೊಳಕ್ಕೆ ಹೋಗಿದೆ. ಬಾಗಿಲಿಗೆ ಎರಡು ಬಗೆ ಇಟ್ಟಿದ್ದಾಳೆ. ಒಂದರಲ್ಲಿ ಬಾಗಿಲು ಸಂದಿಗಿಂತ ಹಿಂದಕ್ಕೆ ಸರಿದು ಒಳಗಿನ ತಿರುವಿನಲ್ಲಿದೆ. ಇನ್ನೊಂದರಲ್ಲಿ ಅಗಲವಾದ ಮರದ ಬಾಗಿಲು ನಡುವಿನ ಕೀಲಿನ ಮೇಲೆ ತಿರುಗುತ್ತದೆ, ತೆರೆದಾಗ ಅದೇ ಒಂದು ಸಣ್ಣ ಗೋಡೆಯಾಗಿ ಎರಡೂ ಕಡೆ ಸಂದು ಬಿಡುತ್ತದೆ. ನನಗೆ ಎರಡನೆಯದು ಇಷ್ಟ, ಆದರೆ ಎರಡೂ ಕಡೆಯ ದಾರಿ 90 ಸೆಂ.ಮೀ.ಗಿಂತ ಕಿರಿದಾಗುತ್ತದೆ, ಗಾಲಿಕುರ್ಚಿ ಹೋಗಲ್ಲ. ಕೀಲನ್ನು ನಡುವಿನಿಂದ ಒಂದು ಬದಿಗೆ ಸರಿಸಿದರೆ ಏನಾಗುತ್ತೆ ಅಂತ ಈಗ ನೋಡುತ್ತಿದ್ದಾಳೆ.